ಬಾಡಿಗೆ ಮನೆ ಗೋಡೆಗೆ ಬೂಷ್ಟು: ತಪ್ಪು ನಮ್ಮದಾ, ಓನರ್‌ದಾ?

ಪ್ರಶ್ನೆ: ನಮಸ್ತೆ ಸರ್. ಬೆಂಗಳೂರಿನಲ್ಲಿ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ಮಲಗುವ ಕೋಣೆಯ ಒಂದು ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಬೀರುವಿನ ಹಿಂದೆ ಕಪ್ಪು ಬೂಷ್ಟು. ರೇಷ್ಮೆ ಸೀರೆ ತೆಗೆದರೆ ಮುಗ್ಗಲು ವಾಸನೆ. ಓನರ್ ಅವರನ್ನು ಕೇಳಿದರೆ "ಕಿಟಕಿ ತೆಗೆಯಲ್ಲ, ಒಳಗೇ ಬಟ್ಟೆ ಒಣಗಿಸ್ತೀರಿ, ಅದಕ್ಕೇ" ಅನ್ನುತ್ತಾರೆ. ಹೋದ ವರ್ಷ ಪೇಂಟ್ ಹೊಡೆಸಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಉತ್ತರ (ಸಿವಿಲ್ ಎಂಜಿನಿಯರ್): ಮೇಡಂ, ಆ ಗೋಡೆಯ ಆಚೆ ಏನಿದೆ? ತೇವ ಎಷ್ಟು ಎತ್ತರಕ್ಕಿದೆ?

ಪ್ರಶ್ನೆ: ಆಚೆ ಬಚ್ಚಲುಮನೆ. ಸೊಂಟದೆತ್ತರ ಇದೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಬೇಸಿಗೆಯಲ್ಲೂ ಪೂರ್ತಿ ಒಣಗಲಿಲ್ಲ.

ಉತ್ತರ: ಬೇಸಿಗೆಯಲ್ಲೂ ಒಣಗಲಿಲ್ಲ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಒದ್ದೆ ಬಟ್ಟೆ, ಅಡುಗೆಯ ಹಬೆಯಿಂದ ಬರುವ ಬೂಷ್ಟು ಗಾಳಿಯಾಡದ ಕಡೆ ಗೋಡೆಯ ಮೇಲೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಬಣ್ಣ ಹೀಗೆ ಹಪ್ಪಳದಂತೆ ಏಳುತ್ತಿದೆ ಅಂದರೆ ನೀರು ಗೋಡೆಯ ಒಳಗಿಂದಲೇ ಬರುತ್ತಿರಬೇಕು.

ಆದರೆ ಓನರ್ ನಂಬಬೇಕಲ್ಲ! ಬಣ್ಣ ಗಟ್ಟಿಯಾಗಿರುವ ಜಾಗ ನೋಡಿ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. 2 ದಿನ ಬಿಡಿ. ಹಾಳೆಯ ಹೊರಗೆ, ಕೋಣೆಯ ಕಡೆ ಹನಿ ಕೂತರೆ ಗಾಳಿಯ ತೇವ, ಓನರ್ ಹೇಳಿದ್ದೇ ಸರಿ. ಹಾಳೆಯ ಹಿಂದೆ, ಗೋಡೆಯ ಕಡೆ ಬೆವರಿದರೆ ನೀರು ಗೋಡೆಯದ್ದು. ಫೋಟೊ ತೆಗೆದಿಡಿ.

ಇನ್ನೊಂದು. ಊರಿಗೆ ಹೋಗುವಾಗ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಹೋಗಿ. ವಾರ ಬಿಟ್ಟು ಬಂದಾಗ ಕಲೆ ಗೆರೆಯಿಂದ ಒಳಗೆ ಸರಿದಿದ್ದರೆ, ಸ್ನಾನದ ನೀರು ಟೈಲ್ಸ್ ಸಂದಿಯಿಂದಲೋ ನಹಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ನೀರು ಹೋಗುವ ಜಾಲರಿ ಕಿಂಡಿ) ಸುತ್ತಲಿಂದಲೋ ಇಳಿಯುತ್ತಿದೆ. ಸರಿಯದಿದ್ದರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನ, ಯಾಕಂದರೆ ನೀವು ಇಲ್ಲದಿದ್ದರೂ ಅದರಲ್ಲಿ ನೀರು ನಿಂತೇ ಇರುತ್ತದೆ. ಬಚ್ಚಲಿಗೆ ತಾಗದ ಗೋಡೆಗಳಲ್ಲೂ ಇದೇ ಎತ್ತರಕ್ಕೆ ಪಟ್ಟಿ, ಬಿಳಿ ಉಪ್ಪಿನ ಪುಡಿ ಕಂಡರೆ ಮಾತ್ರ ಪಾಯದಿಂದ ನೀರು ಏರುತ್ತಿದೆ ಅನ್ನಬಹುದು. ಈ ಮೂರರಲ್ಲಿ ಯಾವುದಾದರೂ ಕಿಟಕಿ ತೆಗೆದರೆ ಹೋಗುವಂಥದ್ದಲ್ಲ.

ಮತ್ತೊಬ್ಬರು: ಸರ್, ನಮ್ಮದು ಮಂಗಳೂರು. ಜೂನ್ ಬಂತೆಂದರೆ ಎಲ್ಲ ಗೋಡೆಗೂ ಬೂಷ್ಟು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬಹುದಾ? ಬೀರುವಿನಲ್ಲಿ ನುಸಿಗುಳಿಗೆ ಇಟ್ಟಿದ್ದೇವೆ.

ಉತ್ತರ: ನುಸಿಗುಳಿಗೆ ಹುಳ ಓಡಿಸುತ್ತದೆ, ತೇವ ಹೀರುವುದಿಲ್ಲ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಅದೇ ದೊಡ್ಡ ಉಪಕಾರ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಮನೆಯೆಲ್ಲ ಹಾರುತ್ತದೆ. ಮೂಗಿಗೆ ಮಾಸ್ಕ್ ಹಾಕಿ, ಸೋಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಲೀಚ್ ಬಳಸುವುದಾದರೆ ಕಿಟಕಿ ತೆಗೆದಿಟ್ಟುಕೊಳ್ಳಿ. ಅದರ ಜೊತೆ ಆಸಿಡ್, ಟಾಯ್ಲೆಟ್ ಕ್ಲೀನರ್ ಮಾತ್ರ ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಈ ಕೆಲಸ ಅವರಿಂದ ಬೇಡ.

ಪ್ರಶ್ನೆ: ಸರ್, ಮೊದಲು ಕೇಳಿದವಳು. ಹಾಳೆಯ ಹಿಂದೆ ಹನಿ ಹನಿ ನೀರು! ಓನರ್ ಬಂದು ನೋಡಿದರು. ಪ್ಲಂಬರ್ ಕಳಿಸುತ್ತಾರಂತೆ. ಜೊತೆಗೇ ಪುಟ್ಟಿ, ಪೇಂಟ್ ಮುಗಿಸಿಬಿಡೋಣ ಅನ್ನುತ್ತಿದ್ದಾರೆ.

ಉತ್ತರ: ಪೇಂಟ್ ಈಗ ಬೇಡ. ಸೋರಿಕೆ ನಿಂತ ಮೇಲೆ ಉಬ್ಬಿದ ಪ್ಲಾಸ್ಟರ್ ಕೆತ್ತಿಸಿ. ಗೋಡೆ ಹಾಗೇ ಬರಿಮೈಯಲ್ಲಿ ಒಣಗಲಿ, ವಾರಗಟ್ಟಲೆ ಬೇಕಾಗುತ್ತದೆ. ನೋಡಲು ಅಸಹ್ಯ, ಏನು ಮಾಡೋದು. ಅವಸರಪಟ್ಟರೆ ಹೋದ ವರ್ಷದ ಕಥೆಯೇ. ಮತ್ತೆ ಅದೇ ಹಾಳೆ ಅಂಟಿಸಿ ನೋಡಿ, ಹಿಂದೆ ಬೆವರದಿದ್ದರೆ ಪುಟ್ಟಿಯವರನ್ನು ಕರೆಸಿ. ಆ ಫೋಟೊಗಳನ್ನು ಇವತ್ತೇ ಓನರ್‌ಗೆ ವಾಟ್ಸಾಪ್ ಮಾಡಿಬಿಡಿ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಈ ಗೋಡೆಯ ದುಡ್ಡು ಹಿಡಿದುಕೊಂಡರೆ ತೋರಿಸಲು ಬೇಕಲ್ವಾ.