ಸೈಟಿನ ಶೆಡ್ಡೇ ಕಾದ ಹೆಂಚಾಗಿದೆ, ಏನು ಮಾಡಲಿ?

ಗದಗಿನ ಸೂಪರ್‌ವೈಸರ್

ನಮ್ಮ ಕಟ್ಟಡದ ಕೆಲಸಕ್ಕೆ 18 ಜನ ಬರುತ್ತಾರೆ, ಏಳು ಮಂದಿ ಹೆಣ್ಣುಮಕ್ಕಳು. ಊಟಕ್ಕೆ, ಸುಧಾರಿಸಿಕೊಳ್ಳೋಕೆ ಅಂತ ತಗಡಿನ ಶೆಡ್ ಹಾಕಿಸಿದೆ. ಮಧ್ಯಾಹ್ನ ಒಂದಕ್ಕೆ ಅದರೊಳಗೆ ಕೂರೋಕೇ ಆಗುವುದಿಲ್ಲ. ಎಲ್ಲರೂ ಬೇವಿನ ಗಿಡದ ಕೆಳಗೇ ಬುತ್ತಿ ಬಿಚ್ಚುತ್ತಾರೆ. ಆ ನೆರಳು ಆರೇಳು ಜನಕ್ಕೆ ಸಾಲುತ್ತದೆ, ಅಷ್ಟೇ. ಮೊನ್ನೆ ಒಬ್ಬ ಹುಡುಗ, ಕೆಲಸಕ್ಕೆ ಬಂದು ಎರಡನೇ ದಿನ, ಇಟ್ಟಿಗೆ ಹೊರುತ್ತಾ ತಲೆ ತಿರುಗಿ ಕುಸಿದು ಕೂತ. ಪುಣ್ಯಕ್ಕೆ ನೆಲದ ಮೇಲಿದ್ದ, ಸಾರ್ವೆ ಮೇಲಿರಲಿಲ್ಲ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ದೊಡ್ಡ ಖರ್ಚಿಗೆ ಮಾಲೀಕರು ಒಪ್ಪುವುದಿಲ್ಲ.

ಹಾವೇರಿಯ ಹಳೇ ಮೇಸ್ತ್ರಿ

ತಮ್ಮಾ, ಮೊದಲು ಸುತ್ತಲಿನ ತಗಡು ಬಿಚ್ಚಿಸು. ಪಡುವಣ ಬಿಸಿಲು ಬೀಳುವ ಕಡೆ ಒಂದು ಹಸಿರು ಪರದೆ ಕಟ್ಟು, ಸಾಕು. ಗಾಳಿ ಆಡದ ನೆರಳು ನೆರಳೇ ಅಲ್ಲ. ಮೇಲಿನ ತಗಡಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹಾಸಿ ಹಗ್ಗ ಬಿಗಿ. ಹತ್ತಿರ ಬೀಡಿ, ಒಲೆ ಬೇಡ.

ನೀರಿನ ಹರವಿಯನ್ನು ಉಸುಕಿನ ಮೇಲಿಟ್ಟು ಹಸಿ ಗೋಣಿಚೀಲ ಸುತ್ತು. ಅದು ಕೆಲಸದ ಪಕ್ಕದಲ್ಲೇ ಇರಬೇಕು. ಇನ್ನೊಂದು ಮಾತು. ಹೆಣ್ಣುಮಕ್ಕಳಿಗೆ ಶೌಚಾಲಯ ಮಾಡಿದ್ದೀಯಾ? ಇಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಧಾರವಾಡದ ನರ್ಸ್

ಎರಡನೇ ದಿನ ಅಂದ್ರಲ್ಲ, ಅದೇ ಮುಖ್ಯ. ಹೊಸಬರ ಮೈ ಬಿಸಿಲಿಗೆ ಒಗ್ಗೋಕೆ ಒಂದೆರಡು ವಾರ ಬೇಕು. ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಕೊಡಿ, ದಿನಾ ಒಂದೊಂದು ಪಾಲು ಏರಿಸಿ. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಂದು ಲೋಟ ನೀರು ಕುಡಿಸಿ. ಭಾರದ ಕೆಲಸ ಬೆಳಿಗ್ಗೆಯೇ ಮುಗಿಯಲಿ. 12ರಿಂದ 3ರವರೆಗೆ ಬಿಸಿಲಲ್ಲಿ ಬೇಡ.

ಯಾರಾದರೂ ತಡವರಿಸಿ ಮಾತಾಡಿದರೆ, ಏನೇನೋ ಬಡಬಡಿಸಿದರೆ ಅದು ಬರೀ ಸುಸ್ತಲ್ಲ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. 108ಕ್ಕೆ ಫೋನ್ ಮಾಡಿಸಿ, ಗಾಡಿ ಬರುವವರೆಗೆ ಸುಮ್ನೆ ಕೂರಬೇಡಿ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈತುಂಬಾ ನೀರು ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಗದಗಿನ ಸೂಪರ್‌ವೈಸರ್

ಇವತ್ತೇ ಮೂರು ಕಡೆ ತಗಡು ಬಿಚ್ಚಿಸಿದೆ. ಎರಡು ಹರವಿ ಬಂದವು. ಆ ಹುಡುಗ ಈ ವಾರ ಒಳಗೆ, ನೆರಳಲ್ಲೇ ಕೆಲಸ ಮಾಡುತ್ತಾನೆ. ಶೌಚಾಲಯದ ವಿಷಯ ನನಗೆ ಹೊಳೆದೇ ಇರಲಿಲ್ಲ, ಅಜ್ಜಾರ. ನಾಳೆ ಮಾಲೀಕರ ಮುಂದೆ ಮೊದಲು ಅದನ್ನೇ ಎತ್ತುತ್ತೇನೆ.