ಮೌಲ್ಯಮಾಪನವೂ ಸಂಶೋಧನೆಯೇ ಅಲ್ವಾ?

ಪ್ರಶ್ನೆ: ನಮಸ್ತೆ ಮೇಡಂ. ಮಕ್ಕಳಿಗೆ ಓದು ಕಲಿಸುವ ಒಂದು ಸಂಸ್ಥೆಯಲ್ಲಿದ್ದೇನೆ, ಜೊತೆಗೆ ಎಂ.ಎ. ಮಾಡುತ್ತಿದ್ದೇನೆ. ನಮ್ಮ ಕಾರ್ಯಕ್ರಮದ ಮೌಲ್ಯಮಾಪನ ಮಾಡಿಕೊಡಿ ಎಂದು ಸಂಸ್ಥೆಯವರು ಕೇಳಿದ್ದಾರೆ. ಅದನ್ನೇ ಪ್ರಬಂಧವಾಗಿ ಕೊಡುತ್ತೇನೆ ಅಂದರೆ ಗೈಡ್ ಒಪ್ಪುತ್ತಿಲ್ಲ, 'ಇದು ಸಂಶೋಧನೆ ಅಲ್ಲ' ಅನ್ನುತ್ತಾರೆ. ಸರ್ವೆ, ಸಂದರ್ಶನ, ಅಂಕಿಅಂಶ ಎರಡರಲ್ಲೂ ಇರುತ್ತವೆ ಅಲ್ವಾ? ಮತ್ತೆ ವ್ಯತ್ಯಾಸ ಏನು?

ಉತ್ತರ: ವಿಧಾನದಲ್ಲಿ ಹುಡುಕಿದರೆ ವ್ಯತ್ಯಾಸ ಸಿಗುವುದಿಲ್ಲ. ಪ್ರಶ್ನೆ ಯಾರದು, ಉತ್ತರ ಸಿಕ್ಕ ಮೇಲೆ ಅದರಿಂದ ಯಾರು ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.

ನಿಮ್ಮ ಸಂಸ್ಥೆ ಒಂದು ತೀರ್ಮಾನ ತೆಗೆದುಕೊಳ್ಳಬೇಕಿದೆ. ಕಾರ್ಯಕ್ರಮ ಮುಂದುವರಿಸುವುದಾ, ತಿದ್ದುವುದಾ, ನಿಲ್ಲಿಸುವುದಾ? ಆ ತೀರ್ಮಾನದ ದಿನಕ್ಕೆ ನಿಮ್ಮ ವರದಿ ಸಿಗಬೇಕು. ತಡವಾದರೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಸಂಶೋಧಕರು ಕೇಳುವುದೇ ಬೇರೆ: ಮಕ್ಕಳಿಂದ ಗಟ್ಟಿಯಾಗಿ ಓದಿಸಿದರೆ ಅರ್ಥ ಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ? ಹೆಚ್ಚಿದರೆ ಯಾಕೆ? ಇದರ ಉತ್ತರ ನಿಮ್ಮ ಸಂಸ್ಥೆಯ ಹೆಸರೇ ಕೇಳದವರಿಗೂ ಉಪಯೋಗಕ್ಕೆ ಬರಬೇಕು.

ಜನ ಮರೆಯುವ ಇನ್ನೊಂದು ವಿಷಯ ಇದೆ. ಹೀಗಾಯಿತು ಎಂದು ತೋರಿಸಿ ಸಂಶೋಧಕರು ನಿಲ್ಲಬಹುದು. ಮೌಲ್ಯಮಾಪನ ಮಾಡುವವರು 'ಇಷ್ಟು ಸಾಕು' ಅಥವಾ 'ಸಾಲದು' ಎಂದು ಹೇಳಲೇಬೇಕು. ಹಾಗೆ ಹೇಳಲು ಅಳತೆ ಮೊದಲೇ ಗೊತ್ತಾಗಿರಬೇಕು. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿ; ಅದರ ಅಭಿವೃದ್ಧಿ ನೆರವು ಸಮಿತಿ 1991ರಲ್ಲಿ ಐದು ಮಾನದಂಡ ಕೊಟ್ಟಿತು. ಕಾರ್ಯಕ್ರಮ ಜನರ ಅಗತ್ಯಕ್ಕೆ ತಕ್ಕದ್ದೇ, ಗುರಿ ಮುಟ್ಟಿತೇ, ಹಣ ಮತ್ತು ಸಮಯ ಸರಿಯಾಗಿ ಬಳಕೆಯಾಯಿತೇ, ದೊಡ್ಡ ಬದಲಾವಣೆ ತಂದಿತೇ, ಆ ಲಾಭ ಉಳಿಯುತ್ತದೆಯೇ. ಬೇರೆ ಕಾರ್ಯಕ್ರಮಗಳ ಜೊತೆ ಹೊಂದುತ್ತದೆಯೇ ಅನ್ನುವ ಆರನೆಯದು 2019ರಲ್ಲಿ ಸೇರಿತು. ಐದೋ ಆರೋ, ಎಲ್ಲವನ್ನೂ ಸುಮ್ನೆ ತುಂಬಬೇಡಿ. ನಿಮ್ಮ ಸಂಸ್ಥೆಗೆ ಯಾವುದು ಮುಖ್ಯ ಎಂದು ಕೂತು ಕೇಳಿ. ಎಷ್ಟು ಮಕ್ಕಳು ಓದಲು ಕಲಿತರೆ ಗೆದ್ದ ಹಾಗೆ ಅನ್ನುವುದನ್ನು ಡೇಟಾ ಬರುವ ಮುಂಚೆಯೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಬಂದ ಸಂಖ್ಯೆಯನ್ನೇ ಗುರಿ ಅನ್ನುತ್ತಾರೆ.

ಪ್ರಶ್ನೆ: ಕಾರ್ಯಕ್ರಮಕ್ಕೆ ಬಾರದ ಮಕ್ಕಳ ಜೊತೆ ಹೋಲಿಸಿದರೆ ಸಂಶೋಧನೆ ಆಗುತ್ತದೆಯೇ?

ಉತ್ತರ: ಹೋಲಿಕೆ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಆದರೆ ಒಂದೇ ಕೆಲಸ ಎರಡೂ ಆಗಬಹುದು. ಮೆಕ್ಸಿಕೋದ ಪ್ರೊಗ್ರೆಸಾ ನೋಡಿ, 1997ರಲ್ಲಿ ಶುರುವಾದದ್ದು. ಮಕ್ಕಳನ್ನು ಶಾಲೆಗೆ, ಆರೋಗ್ಯ ತಪಾಸಣೆಗೆ ಕಳಿಸುವ ಬಡ ಕುಟುಂಬಗಳಿಗೆ ಸರ್ಕಾರ ಹಣ ಕೊಡುತ್ತಿತ್ತು. ಮೌಲ್ಯಮಾಪನಕ್ಕೆ 506 ಊರುಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಹಂಚಿ, 320ರಲ್ಲಿ ಮೊದಲು, 186ರಲ್ಲಿ ಆಮೇಲೆ ಜಾರಿ ಮಾಡಿದರು. ಯೋಜನೆ ಕೆಲಸ ಮಾಡುತ್ತಿದೆಯೇ ಎಂದು ಸರ್ಕಾರಕ್ಕೆ ತಿಳಿಯಿತು. ಅದೇ ಡೇಟಾ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಇವತ್ತಿಗೂ ಓದುವ ಪ್ರಬಂಧಗಳನ್ನು ಬರೆದರು. ನಿಮ್ಮ ಗೈಡ್ ಕೇಳುತ್ತಿರುವುದೂ ಈ ಎರಡನೆಯದನ್ನೇ.

ಪ್ರಶ್ನೆ (ಇನ್ನೊಬ್ಬರು): ಮೌಲ್ಯಮಾಪನ ಅಂದರೆ ಎಥಿಕ್ಸ್ ಕಮಿಟಿ (ಅಧ್ಯಯನದಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿ) ಅನುಮತಿ ಬೇಡ ಅಂತಾರೆ, ನಿಜವೇ ಮೇಡಂ?

ಉತ್ತರ: ಆ ಮಾತನ್ನು ನಂಬಿಕೊಂಡು ಹೊರಡಬೇಡಿ. ಅಮೆರಿಕದ ಕೇಂದ್ರ ನಿಯಮದ ಪ್ರಕಾರ, ಬೇರೆಡೆಗೂ ಅನ್ವಯವಾಗುವ ಜ್ಞಾನ ಬೆಳೆಸುವ ಉದ್ದೇಶದಿಂದ ವ್ಯವಸ್ಥಿತವಾಗಿ ಮಾಡಿದರೆ ಅದು ಸಂಶೋಧನೆ. ಒಳಗಿನ ಬಳಕೆಗೆ ಮಾತ್ರ ಮಾಡಿದ ಮೌಲ್ಯಮಾಪನ ಆ ನಿಯಮದ ಹೊರಗೆ ಉಳಿಯಬಹುದು. ಆದರೆ ಅದನ್ನು ನೀವೇ ನಿರ್ಧರಿಸಬೇಡಿ, ಕಮಿಟಿಯನ್ನೇ ಕೇಳಿ. ಅದೂ ಡೇಟಾ ತೆಗೆಯುವ ಮುಂಚೆ.

ಅನುಮತಿ ಬೇಡ ಅಂದರೂ ಜನರ ಒಪ್ಪಿಗೆ ಬೇಕೇ ಬೇಕು. ಮೌಲ್ಯಮಾಪನದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು ಅನ್ನುತ್ತೇನೆ. ತಪ್ಪು ಹೇಳಿದರೆ ಸೌಲಭ್ಯ ನಿಂತುಹೋಗುತ್ತದೆ ಎಂದು ಜನ ಹೆದರುತ್ತಾರೆ. ಕಾರ್ಯಕ್ರಮ ನಡೆಸುವವರನ್ನೇ ಸಂದರ್ಶನಕ್ಕೆ ಕಳಿಸಿದರೆ ಎಲ್ಲರೂ 'ಚೆನ್ನಾಗಿದೆ' ಅನ್ನುತ್ತಾರೆ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು. ಡೇಟಾವನ್ನು ಪ್ರಬಂಧಕ್ಕೆ ಬಳಸಲು, ಫಲಿತಾಂಶ ಚೆನ್ನಾಗಿರದಿದ್ದರೂ ಪ್ರಕಟಿಸಲು, ಸಂಸ್ಥೆಯಿಂದ ಈಗಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.