ಕ್ಯಾನ್ಸರ್ ರಿಸರ್ಚ್‌ನಲ್ಲಿ ಪೇಶೆಂಟ್ ಅಡ್ವೊಕೇಟ್ ಆಗೋಕೆ ಸೈನ್ಸ್ ಓದಿರ್ಲೇಬೇಕಾ?

ಬ್ರೆಸ್ಟ್ ಕ್ಯಾನ್ಸರ್ ಟ್ರೀಟ್‌ಮೆಂಟ್ ಮುಗ್ದು ಮೂರು ವರ್ಷ ಆಯ್ತು, ಈಗ ರಿಸರ್ಚ್ ಟೀಮ್ ಜೊತೆ ರೋಗಿಗಳ ಪರ ಮಾತಾಡೋ ವಾಲಂಟಿಯರ್ ಆಗ್ಬೇಕು ಅಂತ ತುಂಬಾ ಆಸೆ ಆದ್ರೆ ನಾನು ಓದಿದ್ದು ಕಾಮರ್ಸ್, ಅಷ್ಟು ಜನ ಡಾಕ್ಟರ್‌ಗಳ ಮಧ್ಯೆ ಕೂತು ಏನ್ ಹೇಳ್ಲಿ ಅಂತ ಭಯ. ಯಾರಾದ್ರೂ ಮಾಡಿದೀರಾ?

ಉತ್ತರ 1:
ನಾನು ಮಾಡ್ತಿದೀನಿ ಅಕ್ಕ, ಡಿಗ್ರಿ ಏನೂ ಬೇಡ. ಮೊದ್ಲು ಕೊಟ್ಟಿದ್ದು ಕನ್ಸೆಂಟ್ ಫಾರ್ಮ್ (ರಿಸರ್ಚ್‌ಗೆ ಸೇರೋ ರೋಗಿ ಒಪ್ಪಿ ಸಹಿ ಹಾಕೋ ಪತ್ರ), ಓದಿ ಅರ್ಥ ಆಗದ ಕಡೆಯೆಲ್ಲ ಗೆರೆ ಎಳ್ದೆ ಅಷ್ಟೇ. ಆಮೇಲೆ ಒಂದು ಟ್ರಯಲ್‌ನಲ್ಲಿ (ರೋಗಿಗಳ ಮೇಲೆ ಚಿಕಿತ್ಸೆ ಪರೀಕ್ಷಿಸೋ ಅಧ್ಯಯನ) ಬರೀ ರಕ್ತ ಕೊಡೋಕೆ ವಾರಕ್ಕೆ ಎರಡು ಸಲ ಬರ್ಬೇಕು ಅಂತಿತ್ತು, ಕೀಮೋ ಆದ್ಮೇಲೆ ಮೆಟ್ಲು ಹತ್ತೋಕೂ ಆಗದವ್ರು ಹೇಗ್ ಬರ್ತಾರೆ ಅಂತ ಕೇಳ್ದೆ, ಒಂದೇ ಸಲಕ್ಕೆ ಇಳಿಸಿದ್ರು. ಇದು ಆ ರೂಮಲ್ಲಿ ಬೇರೆ ಯಾರಿಗೂ ಹೊಳ್ದಿರ್ಲಿಲ್ಲ.

ಉತ್ತರ 2:
ಅಮೆರಿಕದ ಡಿಫೆನ್ಸ್ ಡಿಪಾರ್ಟ್‌ಮೆಂಟ್ 1992ರಲ್ಲಿ ಶುರು ಮಾಡಿದ ಬ್ರೆಸ್ಟ್ ಕ್ಯಾನ್ಸರ್ ರಿಸರ್ಚ್ ಪ್ರೋಗ್ರಾಮ್‌ನಲ್ಲಿ ರಿಸರ್ಚ್‌ಗೆ ದುಡ್ಡು ಕೇಳೋ ಗ್ರಾಂಟ್ ಅರ್ಜಿಗಳಿಗೆ ವಿಜ್ಞಾನಿಗಳ ಜೊತೆ ಕ್ಯಾನ್ಸರ್ ಗೆದ್ದವ್ರೂ ಸ್ಕೋರ್ ಕೊಡ್ತಾರೆ. ಪ್ಲಸೀಬೊ (ಔಷಧಿ ಇಲ್ಲದ ನಕಲಿ ಮಾತ್ರೆ), ರ‍್ಯಾಂಡಮೈಸೇಶನ್ (ಯಾರಿಗೆ ಯಾವ ಚಿಕಿತ್ಸೆ ಅಂತ ಲಾಟರಿ ಥರ ಹಂಚೋದು) ಇವೆಲ್ಲ ಕಲೀಬಹುದು, ಅನುಭವನ ಯಾರೂ ಕಲ್ಸೋಕಾಗಲ್ಲ.

ಉತ್ತರ 3:
ಒಂದೇ ಮಾತು, ನಿಮ್ ಕಥೆ ಒಂದೇ ಅಲ್ಲ, ಬೇರೆ ಸ್ಟೇಜ್‌ನಲ್ಲಿರೋರ ಕಷ್ಟನೂ ಕೇಳ್ಕೊಂಡು ಹೋಗಿ. ಮತ್ತೆ ಕ್ಯಾನ್ಸರ್ ಮರಳೋ ಅಂಕಿಅಂಶ ನೋಡ್ದಾಗ ಎದೆ ಝಲ್ ಅನ್ನತ್ತೆ, ಆ ದಿನ ಮೀಟಿಂಗ್ ಬಿಟ್ರೂ ಪರವಾಗಿಲ್ಲ.